ಈ ವಾಕ್ಯದಲ್ಲಿ ಕರ್ತೃ ಯಾರು?

ಇಂಗ್ಲಿಷ್ ಪಾಠ ಮಾಡುವವರಿಗೆ ನುಡಿಗಟ್ಟುಗಳನ್ನು ಬರೆದಿಟ್ಟುಕೊಳ್ಳುವ ಚಟ ಹೇಗೋ ಅಂಟಿಕೊಳ್ಳುತ್ತದೆ. ನಾನು ಪಾಠ ಮಾಡುವುದು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ. ನನ್ನ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಅವರಿಗೆ ಹೇಳಿಕೊಡಲೆಂದು ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನ ಮಾತುಗಳನ್ನು ವಿಷಯವಾರು ಗುಡ್ಡೆ ಹಾಕಿದ್ದೇನೆ. ಹಣದವು ಒಂದು ಕಡೆ, ಕೋಪದವು ಒಂದು ಕಡೆ, ಮಳೆ ಬಿಸಿಲಿನವು ಇನ್ನೊಂದು ಕಡೆ. ಆ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಬೇಗ ತುಂಬಿ ಹೋದದ್ದು, ಒಬ್ಬರು ಇನ್ನೊಬ್ಬರ ಸ್ಥಿತಿಯನ್ನು ಆಟ ಮುಗಿಯುವ ಮೊದಲೇ ಕೆಡಿಸಿಡುವುದನ್ನು ಹೇಳುವ ಮಾತುಗಳ ಪುಟ.

ಇವು ಸೋಲಿಸುವ ಮಾತುಗಳಲ್ಲ. ಸೋಲು ಆಮೇಲೆ ಬರುತ್ತದೆ, ಬಾರದೆಯೂ ಇರಬಹುದು. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಇಂಗ್ಲಿಷ್ ಈ ಹೆಜ್ಜೆಯನ್ನು ಬಹಳ ಹತ್ತಿರದಿಂದ ನೋಡಿದೆ. 'ರಾಂಗ್‌ಫುಟ್' ಎಂಬ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ಟೆನಿಸ್ ಆಡುವವಳು ಚೆಂಡು ಬಲಕ್ಕೆ ಬರುತ್ತದೆಂದು ಬಲಕ್ಕೆ ವಾಲಿ ಹೊರಟಿರುತ್ತಾಳೆ. ಎದುರಾಳಿ ಅದನ್ನು ನೋಡಿಕೊಂಡೇ ಎಡಕ್ಕೆ ಹೊಡೆಯುತ್ತಾಳೆ. ಮೊದಲಿನವಳಿಗೆ ಆಟ ಬರುವುದಿಲ್ಲವೆಂದಲ್ಲ, ಆ ಕ್ಷಣಕ್ಕೆ ಅವಳ ಮೈಭಾರ ತಪ್ಪು ಕಡೆ ಇದೆ. 'ಹ್ಯಾಮ್‌ಸ್ಟ್ರಿಂಗ್' ಇದಕ್ಕಿಂತ ಕ್ರೂರ. ಅದು ಮಂಡಿಯ ಹಿಂದಿನ ಸ್ನಾಯುರಜ್ಜುವಿನ ಹೆಸರು. ಅದನ್ನು ಕತ್ತರಿಸಿದರೆ ಕುದುರೆಯಾಗಲಿ ಮನುಷ್ಯನಾಗಲಿ ಸಾಯುವುದಿಲ್ಲ, ಓಡುವುದು ಮಾತ್ರ ಆಗುವುದಿಲ್ಲ. ಇವತ್ತು ಅನುದಾನ ಕಡಿತವಾದ ಇಲಾಖೆಯ ಬಗ್ಗೆ ಸಂಪಾದಕೀಯ ಬರೆಯುವಾಗ ಇಂಗ್ಲಿಷ್ ಪತ್ರಿಕೆಗಳು ಇದೇ ಪದವನ್ನು ಬಳಸುತ್ತವೆ. ಇಸ್ಪೀಟಿನ ಎಲೆಗಳನ್ನು ಮೊದಲೇ ಜೋಡಿಸಿಡುವುದು, ದಾಳದೊಳಗೆ ತೂಕ ಸೇರಿಸುವುದು, ಆಟದ ಮೈದಾನವನ್ನು ಒಂದು ಕಡೆಗೆ ಓರೆ ಮಾಡುವುದು, ನಿಂತವನ ಕಾಲಡಿಯ ಜಮಖಾನ ಎಳೆಯುವುದು, ಹೀಗೆ ಪಟ್ಟಿ ಬೆಳೆಯುತ್ತದೆ.

ವಿದ್ಯಾರ್ಥಿಗಳಿಗೆ ಇವನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ದಾಳದೊಳಗೆ ತೂಕ ಎಂದ ಕೂಡಲೇ ಹಿಂದಿನ ಬೆಂಚಿನಿಂದ ಶಕುನಿಯ ಹೆಸರು ಬರುತ್ತದೆ. ಹ್ಯಾಮ್‌ಸ್ಟ್ರಿಂಗ್ ಎಂದರೆ ಯಾರಾದರೂ ಏಕಲವ್ಯನ ಹೆಬ್ಬೆರಳು ಎನ್ನುತ್ತಾರೆ, ಇನ್ನೊಬ್ಬರು ಕರ್ಣನ ಕವಚ ಕುಂಡಲ ಎನ್ನುತ್ತಾರೆ. ನಮ್ಮ ಮಾತಿನಲ್ಲೂ ಇಂಥವಕ್ಕೆ ಬರವಿಲ್ಲ. ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡು ಎನ್ನುತ್ತೇವೆ. ಅವನ ಜುಟ್ಟು ಇವನ ಕೈಯಲ್ಲಿದೆ ಎನ್ನುತ್ತೇವೆ. ಅಡ್ಡಗಾಲು ಹಾಕುತ್ತೇವೆ, ಕೈ ಕಟ್ಟಿಹಾಕುತ್ತೇವೆ, ಮೂಲೆಗುಂಪು ಮಾಡುತ್ತೇವೆ, ಕಣ್ಣು ಕಟ್ಟಿ ಕಾಡಿಗೆ ಬಿಡುತ್ತೇವೆ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬ ಗಾದೆಯಂತೂ ಒಬ್ಬರನ್ನು ಇಕ್ಕಟ್ಟಿಗೆ ತಂದು ಕೆಲಸ ಮಾಡಿಸಿಕೊಳ್ಳುವುದರ ಪೂರ್ತಿ ವಿಧಾನವನ್ನೇ ಹೇಳಿಬಿಡುತ್ತದೆ.

ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು 'ಸ್ನೂಕರ್ಡ್'. ಮೇಜಿನ ಮೇಲೆ ನಾನು ಹೊಡೆಯಬೇಕಾದ ಚೆಂಡು ಕಾಣುತ್ತಿದೆ, ಆದರೆ ನನ್ನ ಬಿಳಿಯ ಚೆಂಡಿಗೂ ಅದಕ್ಕೂ ನಡುವೆ ಬೇರೊಂದು ಚೆಂಡು ಅಡ್ಡ ಕೂತಿದೆ. ನೇರ ದಾರಿ ಇಲ್ಲ. ಮೇಜಿನ ಅಂಚಿಗೆ ತಾಗಿಸಿ ಸುತ್ತಿ ಬರಬೇಕು. ಎದುರಾಳಿ ತನ್ನ ಸರದಿಯಲ್ಲಿ ಬೇಕೆಂದೇ ಹಾಗೆ ಮಾಡಿಟ್ಟು ಹೋಗಿರುತ್ತಾನೆ. ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರಲ್ಲಿ, ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ಬಿಡಾರದಲ್ಲಿ. ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ, ಮುಂದೆ ಬ್ರಿಟನ್ನಿನ ಪ್ರಧಾನಿಯಾದವರಲ್ಲ, ಬೇರೆಯವರು, ಇದಕ್ಕೆ ಹೆಸರು ಕೊಟ್ಟರೆಂದು ಹೇಳುತ್ತಾರೆ. ಆಟದ ನಿಯಮಗಳು ಒಂದು ರೂಪಕ್ಕೆ ಬಂದದ್ದು ಊಟಿಯ ಕ್ಲಬ್ಬಿನಲ್ಲಿ. ಆ ಕಾಲದ ಸೈನಿಕರ ಆಡುಮಾತಿನಲ್ಲಿ 'ಸ್ನೂಕರ್' ಎಂದರೆ ಸೇನಾ ಅಕಾಡೆಮಿಗೆ ಹೊಸದಾಗಿ ಸೇರಿದ, ಇನ್ನೂ ಏನೂ ತಿಳಿಯದ ಹುಡುಗ. ಹಾಗಾಗಿ ಆಟದ ಹೆಸರಿನಲ್ಲೇ ಒಬ್ಬ ಹೊಸಬನ ಪೇಚಾಟವಿದೆ. ಅಂಥ ಆಟದಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಚಾಂಪಿಯನ್ ಆದರು ಎಂದಾಗ ನನ್ನ ವಿದ್ಯಾರ್ಥಿಗಳು ತಲೆಯೆತ್ತಿ ಕೂರುತ್ತಾರೆ.

ಕ್ರಿಕೆಟ್ಟಿನಿಂದ ಬಂದ 'ಆನ್ ದ ಬ್ಯಾಕ್‌ಫುಟ್' ಎಂಬುದರ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಟಿವಿ ಚರ್ಚೆಗಳಲ್ಲಿ ಯಾವುದೋ ಪಕ್ಷ ಹಿಂಗಾಲಿನ ಮೇಲಿದೆ ಎಂದರೆ ಅದು ಕಷ್ಟದಲ್ಲಿದೆ, ಸಮರ್ಥನೆ ಕೊಡುತ್ತಿದೆ ಎಂದರ್ಥ. ಆದರೆ ಭದ್ರಾವತಿಯಿಂದ ಬಂದ ಜಿ. ಆರ್. ವಿಶ್ವನಾಥ್ ಅವರ ಆಟದ ಕಥೆ ಕೇಳಿ ಬೆಳೆದವರಿಗೆ ಇದು ಒಪ್ಪಿಗೆಯಾಗುವುದಿಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು. ಭಾರತ ಗಳಿಸಿದ್ದು 190, ಅದರಲ್ಲಿ ವಿಶ್ವನಾಥ್ ಒಬ್ಬರದೇ ಔಟಾಗದೆ 97. ಅವರ ಹೆಸರಿಗೇ ಅಂಟಿಕೊಂಡಿರುವ ಸ್ಕ್ವೇರ್ ಕಟ್ ಹಿಂಗಾಲಿನ ಮೇಲೆ ನಿಂತು ಆಡುವ ಹೊಡೆತ. ಹಿಂದೆ ಸರಿದವರೆಲ್ಲ ಹೆದರಿದವರಲ್ಲ. ಕೆಲವರು ಚೆಂಡನ್ನು ನೋಡಲು ಸ್ವಲ್ಪ ಹೆಚ್ಚು ಸಮಯ ಮಾಡಿಕೊಳ್ಳುತ್ತಿರುತ್ತಾರೆ. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಆಟಕ್ಕಿಂತ ಹೆಚ್ಚಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೊದಲು ಒಂದು ಕ್ಷಣ ತಡೆಯುವ ಹುಡುಗ ಹುಡುಗಿಯರ ಮುಖ ನೆನಪಿರುತ್ತದೆ.

ಈ ಎಲ್ಲ ಮಾತುಗಳಿಗೂ ಒಂದು ಸಮಾನ ಗುಣವಿದೆ. ಇವುಗಳಲ್ಲಿ ಎದುರಾಳಿ ಕಾಣುತ್ತಾನೆ. ದಾಳ ಇದ್ದರೆ ಅದಕ್ಕೆ ತೂಕ ತುಂಬಿದ ಕೈ ಇರಲೇಬೇಕು. ಜಮಖಾನ ಸರಿದರೆ ಎಳೆದವನು ಇರಬೇಕು. ಜುಟ್ಟು ಸಿಕ್ಕಿದ್ದರೆ ಯಾರದೋ ಕೈಗೆ. ಆಟದ ಮೈದಾನದಿಂದಲೋ ಕಾಳಗದಿಂದಲೋ ಬಂದ ಮಾತುಗಳಾದ್ದರಿಂದ ಯಾರು ಯಾರಿಗೆ ಏನು ಮಾಡಿದರು ಎಂಬುದು ಅವುಗಳ ಮೈಯಲ್ಲೇ ಇದೆ.

ಕಚೇರಿಯ ಇಂಗ್ಲಿಷಿಗೆ ಬಂದರೆ ದಾರಿ ಬದಲಾಗುತ್ತದೆ. ಅಲ್ಲಿ ಈ ಚಿತ್ರಗಳಿಗೆ ಜಾಗವಿಲ್ಲ. ಅಲ್ಲಿ ಇರುವುದು 'ಡಿಸ್‌ಅಡ್ವಾಂಟೇಜ್' ಎಂಬ ಒಂದು ನಯವಾದ ನಾಮಪದ. ಫ್ರೆಂಚಿನಲ್ಲಿ 'ಆವಾಂ' ಎಂದರೆ ಮುಂದೆ. ಮುಂದೆ ಇರುವುದು ಅಡ್ವಾಂಟೇಜ್, ಹಾಗೆ ಇಲ್ಲದಿರುವುದು ಡಿಸ್‌ಅಡ್ವಾಂಟೇಜ್. ನಮ್ಮ ಮುನ್ನಡೆ ಹಿನ್ನಡೆಗಳ ಹಾಗೆಯೇ. ಪದದಲ್ಲಿ ದೋಷವೇನೂ ಇಲ್ಲ. ಅದರೊಂದಿಗೆ ಸೇರುವ ಕ್ರಿಯಾಪದಗಳನ್ನು ಗಮನಿಸಬೇಕು. ನಾನು ಕರಿಹಲಗೆಯ ಮೇಲೆ ಸಾಮಾನ್ಯವಾಗಿ ನಾಲ್ಕು ವಾಕ್ಯ ಬರೆಯುತ್ತೇನೆ. ಅವುಗಳ ತಿರುಳನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಅವರು ನನ್ನನ್ನು ಹಿನ್ನಡೆಗೆ ತಳ್ಳಿದರು.
ನಾನು ಹಿನ್ನಡೆಗೆ ತಳ್ಳಲ್ಪಟ್ಟೆ.
ನಾನು ಹಿನ್ನಡೆಯಲ್ಲಿದ್ದೆ.
ನಾನು ಹಿನ್ನಡೆಯವನು.

ಮೊದಲನೆಯದು ಕರ್ತರಿ ಪ್ರಯೋಗ. ಎರಡನೆಯದರಲ್ಲಿ 'ಅವರು' ಬಿದ್ದುಹೋದರು, ಆದರೂ ಯಾರೋ ತಳ್ಳಿದ್ದಾರೆಂಬ ಸುಳಿವು ಉಳಿದಿದೆ. ಮೂರನೆಯದರಲ್ಲಿ ತಳ್ಳುವಿಕೆಯೇ ಇಲ್ಲ, ಒಂದು ಸ್ಥಳ ಮಾತ್ರ ಇದೆ, ನಾನು ಅಲ್ಲಿದ್ದೇನೆ. ನಾಲ್ಕನೆಯದರಲ್ಲಿ ಆ ಸ್ಥಳ ನನ್ನ ಗುಣವಾಗಿದೆ. ಇಂಗ್ಲಿಷಿನ 'ಡಿಸ್‌ಅಡ್ವಾಂಟೇಜ್ಡ್' ಎಂಬ ವಿಶೇಷಣ ಇದೇ ನಾಲ್ಕನೆಯ ಮೆಟ್ಟಿಲಲ್ಲಿ ಕೂತಿದೆ. ಅದಕ್ಕೆ ಮುಂದೊಂದು 'ದಿ' ಸೇರಿಸಿದರೆ ಲಕ್ಷಾಂತರ ಜನರ ಒಂದು ಗುಂಪಿನ ಹೆಸರೂ ಆಗುತ್ತದೆ. ಒಬ್ಬರು ಇನ್ನೊಬ್ಬರಿಗೆ ಮಾಡಿದ ಕೆಲಸವೊಂದು ನಾಲ್ಕೇ ಮೆಟ್ಟಿಲು ಇಳಿಯುವಷ್ಟರಲ್ಲಿ ಮಾಡಿಸಿಕೊಂಡವರ ಲಕ್ಷಣವಾಗಿ ಬಿಡುತ್ತದೆ.

ಇದು ಬರೀ ವ್ಯಾಕರಣದ ಮಾತಲ್ಲ ಎಂದು ನನಗೆ ಮನದಟ್ಟಾದದ್ದು ಬಿ.ಕಾಂ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯಿಂದ. ಲೆಕ್ಕಪತ್ರದ ವಿಷಯದಲ್ಲಿ ತರಗತಿಗೇ ಮುಂದಿದ್ದ ಹುಡುಗಿ. ಬೆಂಗಳೂರಿನ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಕೆಲಸ ಸಿಗಲಿಲ್ಲ. ಅವರು ಕಳಿಸಿದ ಇ-ಮೇಲನ್ನು ಮೊಬೈಲಿನಲ್ಲಿ ನನಗೆ ತೋರಿಸಿದಳು. ಬಹಳ ಸೌಜನ್ಯದ ಪತ್ರ. ಅದರ ನಡುವೆ ಒಂದು ವಾಕ್ಯವಿತ್ತು: ಪ್ರಾದೇಶಿಕ ಭಾಷಾ ಮಾಧ್ಯಮದ ಹಿನ್ನೆಲೆಯ ಅಭ್ಯರ್ಥಿಗಳು ತಮ್ಮನ್ನು ತಾವು ಹಿನ್ನಡೆಯಲ್ಲಿ ಕಂಡುಕೊಳ್ಳಬಹುದು ಎಂಬರ್ಥದ್ದು. ಇಂಗ್ಲಿಷಿನಲ್ಲಿ 'ಫೈಂಡ್ ದೆಮ್‌ಸೆಲ್ವ್ಸ್' ಎಂದಿತ್ತು.

"ಸರ್, ಈ ವಾಕ್ಯದಲ್ಲಿ ಕರ್ತೃ ಯಾವುದು?" ಎಂದು ಕೇಳಿದಳು.

"ಕ್ಯಾಂಡಿಡೇಟ್ಸ್, ಕಣಮ್ಮ. ನೀವುಗಳು."

"ಅಂದ್ರೆ ನಮ್ಮನ್ನ ಹಿಂದಕ್ಕೆ ಹಾಕಿದವರೂ ನಾವೇ, ಅಲ್ಲಿ ನಮ್ಮನ್ನ ಕಂಡವರೂ ನಾವೇನಾ ಸರ್?"

ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆ ಕೇಳುವ ಹಾಗೆಯೇ ಕೇಳಿದ್ದಳು. ಆದರೆ ಆ ವಾಕ್ಯಕ್ಕೆ ಅವಳು ಮಾಡಿದ ವಿಶ್ಲೇಷಣೆಗಿಂತ ಒಳ್ಳೆಯದನ್ನು ನಾನು ಎಲ್ಲೂ ಓದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲೋ ಬೇರೆ ಊರಲ್ಲಿ ಮಲಗಿದ್ದೆ ಎನ್ನುವ ಹಾಗಿದೆ ಆ ಮಾತು. ಹೊತ್ತು ತಂದು ಹಾಕಿದವರ ಸುದ್ದಿಯೇ ಇಲ್ಲ. ಪ್ರಶ್ನೆಗಳನ್ನು ಒಂದೇ ಭಾಷೆಯಲ್ಲಿ ಕೇಳುವುದೆಂದು ಯಾರೋ ತೀರ್ಮಾನಿಸಿದ್ದರು. ಲೆಕ್ಕ ಗೊತ್ತಿದೆಯೇ ಎಂಬುದಕ್ಕಿಂತ ಅದನ್ನು ಎಷ್ಟು ಬೇಗ ಇಂಗ್ಲಿಷಿನಲ್ಲಿ ಹೇಳುತ್ತಾರೆ ಎಂಬುದಕ್ಕೆ ಹೆಚ್ಚು ಅಂಕ ಎಂದೂ ಯಾರೋ ನಿರ್ಧರಿಸಿದ್ದರು. ಆ 'ಯಾರೋ' ಪತ್ರದ ಯಾವ ಸಾಲಿನಲ್ಲೂ ಇರಲಿಲ್ಲ.

ಇಷ್ಟು ಹೇಳಿ ಇಂಗ್ಲಿಷನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿದರೆ ನ್ಯಾಯವಾಗುವುದಿಲ್ಲ. ಆ ಭಾಷೆ ಮನಸ್ಸು ಮಾಡಿದರೆ ಕರ್ತೃವನ್ನು ಹಿಡಿದು ತಂದು ನಿಲ್ಲಿಸಬಲ್ಲದು. 1872ರ ಭಾರತೀಯ ಕರಾರು ಕಾಯಿದೆಯ 16ನೆಯ ಕಲಮನ್ನು ಕಾಮರ್ಸ್ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಒಬ್ಬರು ಇನ್ನೊಬ್ಬರ ಇಚ್ಛೆಯನ್ನು ಆಳಬಲ್ಲ ಸ್ಥಾನದಲ್ಲಿದ್ದು, ಆ ಸ್ಥಾನವನ್ನು ಬಳಸಿಕೊಂಡು ಅನ್ಯಾಯದ ಲಾಭ ಪಡೆದರೆ ಅದು ಅನುಚಿತ ಪ್ರಭಾವ ಎನ್ನುತ್ತದೆ ಆ ಕಲಮು. ಅಲ್ಲಿ ಮಾತೆಲ್ಲ ಇರುವುದು ಲಾಭ ಪಡೆದವರ ಬಗ್ಗೆ. ಇನ್ನೊಬ್ಬರ ಹಿನ್ನಡೆಯನ್ನು ಹೇಳಲು ಅದು ಮೊದಲು ಒಬ್ಬರ ಮುನ್ನಡೆಯನ್ನು ಹೇಳುತ್ತದೆ. ಅದೇ ಇಂಗ್ಲಿಷ್, ಕಾನೂನಿಗೆ ಕರ್ತೃ ಬೇಕಾದಾಗ ಹುಡುಕಿ ಕೊಟ್ಟಿದೆ. ಇ-ಮೇಲಿಗೆ ಬೇಡವಾದಾಗ ಮರೆಸಿದೆ.

ನಮ್ಮ ಕನ್ನಡವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 'ನನಗೆ ಅನನುಕೂಲವಾಯಿತು', 'ಅವರಿಗೆ ಅನ್ಯಾಯವಾಯಿತು', 'ತೊಂದರೆಯಾಗಿದೆ' ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇವೆ. 'ಆಯಿತು' ಎಂಬ ಒಂದು ಪದ ಸಾಕು, ಮಾಡಿದವರು ಹಿತ್ತಲ ಬಾಗಿಲಿನಿಂದ ಹೊರಟು ಹೋಗುತ್ತಾರೆ. ಮಳೆ ಆಯಿತು, ಸಂಜೆ ಆಯಿತು ಎನ್ನುವ ಹಾಗೆಯೇ ಅನ್ಯಾಯವೂ ಆಯಿತು.

'ಹಿಂದುಳಿದ' ಎಂಬ ಪದವನ್ನು ಎಷ್ಟೋ ಸಲ ಬರೆದಿದ್ದೇವೆ, ಓದಿದ್ದೇವೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗಿನಿಂದ, 1972ರಲ್ಲಿ ದೇವರಾಜ ಅರಸರ ಕಾಲದಲ್ಲಿ ರಚನೆಯಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗದವರೆಗೆ, ಅಲ್ಲಿಂದ ಇಲ್ಲಿಯವರೆಗೆ, ಈ ನಾಡಿನ ಸಾಮಾಜಿಕ ನ್ಯಾಯದ ಚರ್ಚೆಯೆಲ್ಲ ಈ ಪದದ ಸುತ್ತ ನಡೆದಿದೆ. ಸಂವಿಧಾನದ ಇಂಗ್ಲಿಷಿನಲ್ಲಿ ಅದು 'ಬ್ಯಾಕ್‌ವರ್ಡ್'. ಕನ್ನಡಕ್ಕೆ ಬರುವಾಗ ಅದಕ್ಕೊಂದು ಕ್ರಿಯಾಪದ ಸೇರಿತು: ಉಳಿ. ಎಲ್ಲರೂ ಹೊರಟರು, ಇವರು ಉಳಿದರು. ಸಂತೆಗೆ ಹೊರಟ ಗಾಡಿ ತಪ್ಪಿಸಿಕೊಂಡು ಮನೆಯಲ್ಲೇ ಉಳಿದವರ ಹಾಗೆ. ಶಾಲೆಯ ಬಾಗಿಲು ತೆರೆಯದವರು, ಕೆರೆಯ ನೀರು ಮುಟ್ಟಗೊಡದವರು, ಹೊಲದ ಹಕ್ಕು ಕೊಡದವರು ಯಾರೂ ಈ ಪದದೊಳಗಿಲ್ಲ. ಆ ವರದಿಗಳು ಜನರಿಗೆ ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯುವ ಹಾಗಿಲ್ಲ. ಆದರೂ 'ಹಿಂದುಳಿದ' ಎಂಬುದರ ಪಕ್ಕದಲ್ಲಿ 'ದಲಿತ' ಎಂಬ ಪದವನ್ನು ಇಟ್ಟು ನೋಡಿ. ತುಳಿಯಲ್ಪಟ್ಟವರು, ಒಡೆಯಲ್ಪಟ್ಟವರು ಎಂಬ ಅರ್ಥದ ಪದ ಅದು. ಕರ್ತೃ ಅಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಕೇಳಿದವರ ಮನಸ್ಸಿನಲ್ಲಿ ಪ್ರಶ್ನೆ ಏಳದೆ ಇರುವುದಿಲ್ಲ: ತುಳಿದವರು ಯಾರು?

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ಒಂದು ಸಣ್ಣ 'ಇಸು' ಸಾಕು. ಉಳಿದರು ಎಂಬುದನ್ನು ಉಳಿಸಿದರು ಎಂದು ಮಾಡಬಹುದು. ಹಿಂದುಳಿದವರು ಎಂಬುದನ್ನು ಹಿಂದುಳಿಸಲಾದವರು ಎಂದರೆ ಬರೆಯಲು ಸ್ವಲ್ಪ ಉದ್ದವಾಗುತ್ತದೆ, ಆದರೆ ಅರ್ಥ ಮುಖ ತಿರುಗಿಸಿ ನಿಲ್ಲುತ್ತದೆ. ಓಟದಲ್ಲಿ ಒಬ್ಬನನ್ನು ದಾಟಿ ಹೋಗುವುದನ್ನು ನಾವು 'ಹಿಂದಿಕ್ಕು' ಎನ್ನುತ್ತೇವೆ. ಹಿಂದೆ ಇಡುವುದು. ಮುಂದೆ ಹೋದವನೇ ಇನ್ನೊಬ್ಬನನ್ನು ಹಿಂದೆ ಇಟ್ಟದ್ದು ಎಂಬ ಲೆಕ್ಕ ನಮ್ಮ ಭಾಷೆಗೆ ಹಳೆಯದಾಗಿಯೇ ಗೊತ್ತಿದೆ.

ಇಂಗ್ಲಿಷಿನ ಪಟ್ಟಿಯಲ್ಲಿ ಕೊನೆಯದಾಗಿ ಉಳಿಸಿಕೊಂಡದ್ದು 'ಹ್ಯಾಂಡಿಕ್ಯಾಪ್'. ಟೋಪಿ ಹಿಡಿದು ಭಿಕ್ಷೆ ಬೇಡುವವರಿಂದ ಈ ಪದ ಬಂತೆಂದು ಕೆಲವರು ಹೇಳುವುದುಂಟು. ಅದು ಸುಳ್ಳು. 17ನೆಯ ಶತಮಾನದ ಲಂಡನ್ನಿನಲ್ಲಿ ಟೋಪಿಯೊಳಗೆ ಕೈ ಹಾಕಿ ಆಡುವ ಒಂದು ವಿನಿಮಯದ ಆಟವಿತ್ತು. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1660ರಲ್ಲಿ ಅದನ್ನು ಆಡಿದ್ದನ್ನು ಬರೆದಿಟ್ಟಿದ್ದಾನೆ. ಇಬ್ಬರು ತಮ್ಮ ವಸ್ತುಗಳನ್ನು ಅದಲು ಬದಲು ಮಾಡಿಕೊಳ್ಳಬೇಕು. ಒಂದರ ಬೆಲೆ ಹೆಚ್ಚು, ಇನ್ನೊಂದರದು ಕಡಿಮೆ. ನಡುವೆ ಕೂತ ಮಧ್ಯಸ್ಥ, ಕಡಿಮೆ ಬೆಲೆಯ ವಸ್ತುವಿನವನು ಎಷ್ಟು ಹಣ ಸೇರಿಸಿದರೆ ಎರಡೂ ಸಮವಾಗುತ್ತವೆ ಎಂದು ಹೇಳುತ್ತಾನೆ. ಅವನ ತೀರ್ಮಾನ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಇಬ್ಬರೂ ಟೋಪಿಯಿಂದ ಕೈ ಹೊರತೆಗೆದು ತೋರಿಸಬೇಕು.

ಅಲ್ಲಿಂದ ಪದ ಕುದುರೆ ಜೂಜಿಗೆ ಹೋಯಿತು. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಇವತ್ತಿಗೂ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಇರುತ್ತಾರೆ. ಯಾವ ಕುದುರೆ ಎಷ್ಟು ಭಾರ ಹೊತ್ತು ಓಡಬೇಕೆಂದು ಅವರು ನಿರ್ಧರಿಸುತ್ತಾರೆ. ಹಿಂದಿನ ಓಟಗಳಲ್ಲಿ ಗೆದ್ದ ಬಲಿಷ್ಠ ಕುದುರೆಗೆ ಹೆಚ್ಚು ಭಾರ. ಬೇಕಾದರೆ ಜೀನಿನ ಜೊತೆ ಸೀಸದ ತುಂಡುಗಳನ್ನು ಇಡುತ್ತಾರೆ. ಸಾಧುವಾದ ಕುದುರೆಗೆ ಕಡಿಮೆ ಭಾರ. ಅಂದರೆ ಹ್ಯಾಂಡಿಕ್ಯಾಪ್ ಬೀಳುತ್ತಿದ್ದದ್ದು ಬಲವಿದ್ದವರ ಬೆನ್ನಿನ ಮೇಲೆ. ಮುಂದಿರುವವರನ್ನು ಲೆಕ್ಕ ಹಾಕಿ, ಎಲ್ಲರ ಎದುರಿಗೇ, ಸ್ವಲ್ಪ ಹಿಂದಕ್ಕೆ ತಂದು ಓಟವನ್ನು ಓಟವಾಗಿಸುವ ಉಪಾಯ ಅದು. ಕಾಲಾಂತರದಲ್ಲಿ ಭಾರ ಎಂಬ ಅರ್ಥ ಮಾತ್ರ ಉಳಿದು, ಯಾರ ಮೇಲೆ, ಯಾಕೆ ಎಂಬುದು ಉದುರಿ ಹೋಯಿತು. 20ನೆಯ ಶತಮಾನದಲ್ಲಿ ಆ ಪದ ಕಾಲಿಲ್ಲದವರ, ಕಣ್ಣಿಲ್ಲದವರ ಹೆಸರಾಯಿತು. ಈಗ ಅವರೇ ಅದನ್ನು ಬೇಡವೆಂದು ಬದಿಗಿಟ್ಟಿದ್ದಾರೆ. ಮೆಟ್ಟಿಲು ಮಾತ್ರ ಇಟ್ಟು ಇಳಿಜಾರು ಕಟ್ಟದವರ ಕೆಲಸವನ್ನು ಗಾಲಿಕುರ್ಚಿಯಲ್ಲಿ ಕೂತವರ ಲಕ್ಷಣವೆಂದು ಯಾಕೆ ಕರೆಯಬೇಕು ಎಂಬುದು ಅವರ ಪ್ರಶ್ನೆ.

ಮೀಸಲಾತಿಯ ಬಗ್ಗೆ ಕಾಲೇಜಿನ ಕ್ಯಾಂಟೀನಿನಲ್ಲಿ ಮಾತು ಬಿಸಿಯಾದಾಗೆಲ್ಲ ನಾನು ಈ ಕುದುರೆಗಳ ಕಥೆ ಹೇಳುತ್ತೇನೆ. ಸೀಸದ ತೂಕವನ್ನು ಯಾವ ಕುದುರೆಯೂ ಅವಮಾನವೆಂದು ತಿಳಿಯುವುದಿಲ್ಲ ಎಂದರೆ ಹುಡುಗರು ನಗುತ್ತಾರೆ. ನಕ್ಕ ಮೇಲೆ ಒಂದಿಬ್ಬರು ಯೋಚನೆ ಮಾಡುತ್ತಾರೆ.

ಆ ವಿದ್ಯಾರ್ಥಿನಿ ಈಗ ನಮ್ಮ ಜಿಲ್ಲಾ ಕೇಂದ್ರದಲ್ಲೇ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಇಂಗ್ಲಿಷನ್ನೂ ತನ್ನ ಹಟಕ್ಕೆ ತಕ್ಕಂತೆ ಕಲಿಯುತ್ತಿದ್ದಾಳೆ. ಅವಳ ಪ್ರಶ್ನೆ ನನ್ನ ತರಗತಿಯಲ್ಲಿ ಒಂದು ಅಭ್ಯಾಸವಾಗಿ ನಿಂತಿದೆ. ಪ್ರತಿ ವಾರ ವಿದ್ಯಾರ್ಥಿಗಳು ತಮಗಾದ ಯಾವುದಾದರೂ ಒಂದು ಅನನುಕೂಲವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕು. ಎರಡರಲ್ಲೂ ಕರ್ತೃಪದದ ಕೆಳಗೆ ಗೆರೆ ಎಳೆಯಬೇಕು. ಮೊದಮೊದಲು ಎಲ್ಲರೂ 'ನಾನು' ಎಂಬುದರ ಕೆಳಗೇ ಗೆರೆ ಎಳೆದು ತರುತ್ತಾರೆ.

ಕಳೆದ ತಿಂಗಳು ಹಳ್ಳಿಯೊಂದರಿಂದ ಬರುವ ಹುಡುಗನೊಬ್ಬ ಬರೆದಿದ್ದ: ಬೆಳಗಿನ ಬಸ್ಸು ನಿಂತುಹೋದದ್ದರಿಂದ ನಾನು ಮೊದಲ ಪೀರಿಯಡ್ಡಿಗೆ ಬರಲಾಗುತ್ತಿಲ್ಲ. ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ತೊಂದರೆಯಾಗುವ ಹಾಗಿತ್ತು ಅವನಿಗೆ.

"ಬಸ್ಸು ತಾನಾಗೇ ನಿಂತುಹೋಯ್ತೇನಪ್ಪಾ?" ಎಂದೆ.

ಅವನು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದ. 'ನಿಂತುಹೋದದ್ದರಿಂದ' ಎಂಬುದನ್ನು ಹೊಡೆದು 'ನಿಲ್ಲಿಸಿದ್ದರಿಂದ' ಎಂದು ಬರೆದ. ಅದರ ಮುಂದೆ ಒಂದು ಪದದಷ್ಟು ಜಾಗ ಖಾಲಿ ಬಿಟ್ಟ.

"ಯಾರು ಅಂತ ಗೊತ್ತಿಲ್ಲ ಸರ್. ನಾಳೆ ಬಸ್‌ಸ್ಟ್ಯಾಂಡಲ್ಲಿ ಕೇಳ್ಕೊಂಡು ಬಂದು ತುಂಬ್ತೀನಿ."